ಪದ್ಮಾವತಮ್ಮ ಎಣಿಸಿದ ಮಕ್ಕಳು

ಪದ್ಮಾವತಮ್ಮನವರು ಬಸ್ಸು ಹತ್ತಿದರೆ ಹರೆಯದ ಹುಡುಗ ಹುಡುಗಿಯರೆಲ್ಲ ಮೆಲ್ಲಗೆ ಹಿಂದಿನ ಸೀಟುಗಳ ಕಡೆ ಸರಿದುಬಿಡುತ್ತಿದ್ದರು. ಅವರು ಬೈಯುತ್ತಾರೆಂದಲ್ಲ, ಕೇಳುತ್ತಾರೆಂದು. ಯಾರ ಮಗ, ಎಷ್ಟನೇ ಕ್ಲಾಸು, ಮನೆಯಲ್ಲಿ ಯಾವ ಭಾಷೆ, ಅಜ್ಜನ ಕಾಲದಲ್ಲಿ ಎಲ್ಲಿಂದ ಬಂದವರು, ಶಾಲೆ ಬಿಟ್ಟಿದ್ದರೆ ಯಾಕೆ ಬಿಟ್ಟೆ. ಹೊಸನಗರದಲ್ಲಿ ಶುರುವಾದ ವಿಚಾರಣೆ ರಿಪ್ಪನ್‌ಪೇಟೆ ಬಂದರೂ ಮುಗಿಯುತ್ತಿರಲಿಲ್ಲ. ಎತ್ತರದ ಆಳು, ದಪ್ಪ ಗಾಜಿನ ಕನ್ನಡಕ, ಇಡೀ ಬಸ್ಸಿಗೆ ಕೇಳುವ ಗಂಟಲು. ಉತ್ತರ ಕೊಡುವವನು ಪಿಸುಗುಟ್ಟಿದರೂ ಅವರು ಅದನ್ನು ದೊಡ್ಡದಾಗಿ ಇನ್ನೊಮ್ಮೆ ಹೇಳಿ ಖಚಿತ ಮಾಡಿಕೊಳ್ಳುತ್ತಿದ್ದರು.

ಗೊತ್ತಿಲ್ಲದವರು ಅವರನ್ನು ಮದುವೆ ಮಾಡಿಸುವವರೆಂದೇ ತಿಳಿದಿದ್ದರು. ಒಮ್ಮೆ ಹುಂಚದ ಕಡೆಯ ಹೆಂಗಸೊಬ್ಬರು ಮಗಳ ಜಾತಕ ಹಿಡಿದುಕೊಂಡು ನಮ್ಮ ಶಾಲೆಗೇ ಬಂದಿದ್ದರು. ಪದ್ಮಾವತಮ್ಮ ಅವರನ್ನು ಕೂರಿಸಿ, ನೀರು ಕೊಟ್ಟು, "ಹುಡುಗಿ ಎಷ್ಟು ಓದಿದಾಳೆ?" ಎಂದು ಕೇಳಿದರು. ಏಳನೇ ಕ್ಲಾಸಿಗೆ ಬಿಡಿಸಿದ್ದೇವೆ ಅಂದರಂತೆ. "ಹಾಗಾದ್ರೆ ಜಾತಕ ಮನೇಲಿಡಿ, ಹುಡುಗೀನ ಇಲ್ಲಿ ಕಳ್ಸಿ" ಎಂದು ಇವರು ಹೇಳಿದ್ದು ಸ್ಟಾಫ್ ರೂಮಿನಲ್ಲಿ ಬಹಳ ದಿನ ನಗುವಿನ ಮಾತಾಗಿತ್ತು. ಆ ಹುಡುಗಿ ಶಾಲೆಗೆ ಬರಲಿಲ್ಲ. ಅದನ್ನು ನೆನೆದು ನಗದೆ ಇದ್ದವರು ಪದ್ಮಾವತಮ್ಮ ಒಬ್ಬರೇ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೊಸನಗರ ತಾಲೂಕಿನ ಆ ಹೈಸ್ಕೂಲಿಗೆ ಹೊಸ ಟೀಚರಾಗಿ ಹೋದಾಗ ಅವರು ಅಲ್ಲಿ ಸಮಾಜ ಪಾಠ ಮಾಡುತ್ತಿದ್ದರು. ನಾನು ಸಾಗರದವಳು, ಮನೆ ಬಿಟ್ಟು ಇದ್ದು ಗೊತ್ತಿಲ್ಲದವಳು. ಅವರು ತಮ್ಮ ಬಾಡಿಗೆ ಮನೆಯ ಒಂದು ಕೋಣೆ ನನಗೆ ಕೊಟ್ಟರು. ಜೈನರ ಮನೆತನ, ಚಿಕ್ಕಂದಿನಲ್ಲೇ ಮದುವೆಯಾಗಿ, ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವರು. ಅಪ್ಪ ಬಂಧುಗಳ ಮಾತು ಕೇಳದೆ ಓದಿಸಿದ್ದರು. ಆ ಕಾಲದ ಬಗ್ಗೆ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ಸಲ ಮಾತ್ರ ಅಕ್ಕಿ ಆರಿಸುತ್ತಾ ಹೇಳಿದರು: "ಇಪ್ಪತ್ತು ತುಂಬೋದ್ರೊಳಗೆ ನಮ್ಮೋರು ನನ್ನ ಲೆಕ್ಕ ಮುಗ್ಸಿ ಕೂತಿದ್ರು ಶಾರದಾ. ಮೂಲೇಲಿ ಕೂತ್ಕೊಂಡು ನೋಡ್ತಿದ್ದೆ, ನನ್ನ ವಾರಿಗೆಯೋರೆಲ್ಲ ಎಲ್ಲೆಲ್ಲಿಗೋ ಹೋಗ್ತಿದ್ರು. ಅದ್ಕೇ ಈಗ್ಲೂ ಹರೇದೋರು ಕಂಡ್ರೆ ಎಲ್ಲಿಗೆ ಹೊರಟಿದಾರೆ ಅಂತ ಕೇಳ್ಬೇಕು ಅನ್ಸುತ್ತೆ."

ಅವರ ಒಂದು ಪಾಠವನ್ನು ಮಾತ್ರ ನಾನು ಬಾಗಿಲ ಹೊರಗೆ ನಿಂತು ಪ್ರತಿ ವರ್ಷ ಕೇಳುತ್ತಿದ್ದೆ. ಪುಸ್ತಕದಲ್ಲಿ ಅದರ ಹೆಸರು ನಮ್ಮ ದೇಶದ ಜನಸಂಖ್ಯೆ. ಅವರು ಪುಸ್ತಕ ಮುಚ್ಚಿಟ್ಟು ಇಡೀ ಕ್ಲಾಸನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. "ಹಸಿವಾಗಿದೆ ಅಂತ ಮನೇಲಿ ಅಮ್ಮನ ಹತ್ರ ಹ್ಯಾಗೆ ಹೇಳ್ತೀರೋ ಹಾಗೇ ಹೇಳಿ" ಎನ್ನುತ್ತಿದ್ದರು. ಭಟ್ಟರ ಮನೆಯ ಹುಡುಗ ನಾಚಿಕೊಂಡು "ಯಂಗೆ ಹಶಿವಾಯ್ದು" ಎನ್ನುತ್ತಿದ್ದ. ಕ್ರಿಶ್ಚಿಯನ್ ಹುಡುಗಿ ಕೊಂಕಣಿಯಲ್ಲಿ ಹೇಳುತ್ತಿದ್ದಳು, ಸಾಬರ ಹುಡುಗ ಉರ್ದುವಿನಲ್ಲಿ, ಘಟ್ಟದ ಕೆಳಗಿನಿಂದ ಬಂದ ಹೋಟೆಲಿನವರ ಮಗ ತುಳುವಿನಲ್ಲಿ. ಗೌಡರ ಮಕ್ಕಳು, ದೀವರ ಮಕ್ಕಳು, ಹಸಲರ ಕೇರಿಯ ಇಬ್ಬರು ಮಕ್ಕಳು ಕನ್ನಡದಲ್ಲೇ ಹೇಳಿದರೂ ಒಬ್ಬರ ರಾಗ ಇನ್ನೊಬ್ಬರದಲ್ಲ. ಕೊನೆಗೆ ಅಣೆಕಟ್ಟಿನ ಕ್ಯಾಂಪಿನ ಮಕ್ಕಳು ತಮಿಳು, ಮಲಯಾಳ, ತೆಲುಗಿನಲ್ಲಿ ಹೇಳುತ್ತಿದ್ದರು. ಮೊದಮೊದಲು ನಗು, ಆಮೇಲೆ ನಿಧಾನವಾಗಿ ಕ್ಲಾಸು ಸುಮ್ಮನಾಗುತ್ತಿತ್ತು. "ದೇಶದಲ್ಲಿ ಹೆಚ್ಚುಕಡಿಮೆ ಅರ್ಧ ಜನ ನಿಮ್ಮ ವಾರಿಗೆಯೋರು, ನಿಮಗಿಂತ ಚಿಕ್ಕೋರು. ಅವರೆಲ್ಲ ಒಟ್ಟಿಗೆ ನಿಂತ್ರೆ ಹೀಗೇ ಕಾಣ್ತಾರೆ. ಕೂತ್ಕೊಳ್ಳಿ" ಎಂದು ಪಾಠ ಮುಗಿಸುತ್ತಿದ್ದರು.

ಆ ಕ್ಯಾಂಪಿನ ಮಕ್ಕಳಲ್ಲಿ ಸೆಲ್ವಿ ಒಬ್ಬಳು.

ನಮ್ಮ ಶಾಲೆಯ ಊರಿನಿಂದ ಘಟ್ಟದ ಕಡೆ ಹೋಗುವ ರಸ್ತೆಯಲ್ಲಿ, ಕಾಡು ಕಡಿದ ಒಂದು ಗುಡ್ಡದ ಮೇಲೆ ತಗಡಿನ ಶೆಡ್ಡುಗಳ ಸಾಲು. ಅಣೆಕಟ್ಟಿನ ಕೆಲಸಕ್ಕೆ ಎಲ್ಲೆಲ್ಲಿಂದಲೋ ಬಂದ ಕೂಲಿಯವರು ಅಲ್ಲಿದ್ದರು. ಸೆಲ್ವಿಯ ಅಪ್ಪ ಆರುಮುಗಂ ಬಂಡೆ ಕೊರೆಯುವ ಕೆಲಸದವನು. ಮೀಸೆ ಮೂಡುವ ಮೊದಲೇ ತಮಿಳುನಾಡಿನ ತನ್ನ ಹಳ್ಳಿ ಬಿಟ್ಟು ಲಿಂಗನಮಕ್ಕಿಗೆ ಬಂದಿದ್ದನಂತೆ. ಅಲ್ಲೇ ಮದುವೆ, ಅಲ್ಲೇ ಸೆಲ್ವಿ ಹುಟ್ಟಿದ್ದು. ಆ ಕೆಲಸ ಮುಗಿದ ಮೇಲೆ ಕಾಳಿ ನದಿಯ ಕಡೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದಿದ್ದರು. ಸೆಲ್ವಿ ಪ್ರಾಜೆಕ್ಟಿನ ಲಾರಿಯಲ್ಲಿ ಶಾಲೆಗೆ ಬರುತ್ತಿದ್ದಳು. ಕಪ್ಪಗೆ, ತೆಳ್ಳಗೆ, ಮೊಣಕೈವರೆಗೂ ತೋಳಿನ ಹಳೆಯ ಬ್ಲೌಸು. ಕನ್ನಡ ಪದ್ಯವನ್ನು ಅವಳು ಓದಿದರೆ ನಮ್ಮ ಕನ್ನಡ ಪಂಡಿತರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಮುಂದೇನಾಗುತ್ತೀ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ, "ಟೀಚರ್."

ಎಂಬತ್ತೊಂದರ ಜನಗಣತಿ ಬಂತು. ಎಣಿಸುವ ಕೆಲಸ ಎಂದಿನಂತೆ ಮೇಷ್ಟ್ರುಗಳಿಗೆ. ಕ್ಯಾಂಪು ಯಾರಿಗೂ ಬೇಡ. ಅಲ್ಲಿಯ ಭಾಷೆ ತಿಳಿಯದು, ನಾಯಿಗಳ ಕಾಟ, ಸಂಜೆ ಆದರೆ ಕುಡಿತ. ಪದ್ಮಾವತಮ್ಮ ತಾವಾಗಿ ಕೇಳಿ ಆ ಭಾಗ ತೆಗೆದುಕೊಂಡರು. ಪಕ್ಕದ ಊರಿನ ಎಣಿಕೆ ನನ್ನ ಪಾಲಿಗೆ ಬಂದದ್ದರಿಂದ ನಾನೂ ಒಂದು ಭಾನುವಾರ ಅವರ ಜೊತೆಗೆ ಹೋದೆ. ಭಾಷೆಗೆ ಸೆಲ್ವಿ ಇದ್ದಳು. ಶೆಡ್ಡಿನಿಂದ ಶೆಡ್ಡಿಗೆ ಅವಳು ಮುಂದೆ, ನಾವು ಹಿಂದೆ.

ಹುಟ್ಟಿದ ಊರು ಎಂಬ ಕಾಲಂ ಬಂದಾಗಲೆಲ್ಲ ತಡವಾಗುತ್ತಿತ್ತು. ತಾಯಂದಿರು ಯೋಚಿಸಿ ಯೋಚಿಸಿ ಯಾವುದೋ ನದಿಯ ಹೆಸರು ಹೇಳುತ್ತಿದ್ದರು, ಊರಿನದಲ್ಲ. ಸೆಲ್ವಿಯ ಶೆಡ್ಡಿಗೆ ಬಂದಾಗ ಅವಳೇ ನಕ್ಕು ಹೇಳಿದಳು: "ನಮ್ಮ ಮನೇಲಿ ಒಬ್ಬೊಬ್ಬರದು ಒಂದೊಂದು ಅಣೆಕಟ್ಟು, ಟೀಚರ್. ನಂದು ಲಿಂಗನಮಕ್ಕಿ, ತಂಗಿದು ಕಾಳಿ, ಇವನು ಮಾತ್ರ ಇಲ್ಲಿಯವನು." ಅವಳ ಸೊಂಟದ ಮೇಲೆ ಪುಟ್ಟ ತಮ್ಮ ಕೂತಿದ್ದ.

ಪಕ್ಕದ ಶೆಡ್ಡಿನ ಹೆಂಗಸೊಬ್ಬಳು ಏನೋ ಕೇಳಿದಳು. ಎಣಿಸಿ ಏನು ಮಾಡುತ್ತೀರಿ ಎಂದು ಕೇಳುತ್ತಿದ್ದಾಳೆ ಅಂದಳು ಸೆಲ್ವಿ. ಪದ್ಮಾವತಮ್ಮ ಪೆನ್ನು ಮುಚ್ಚಿ, ಆ ಹೆಂಗಸಿನ ಮುಖ ನೋಡಿಯೇ ಉತ್ತರ ಕೊಟ್ಟರು. "ಎಣಿಸಿದ ಮೇಲೆ ನೀವೆಲ್ಲ ಈ ತಾಲೂಕಿನ ಜನ ಅಂತ ಆಗುತ್ತೆ. ಇಲ್ಲಿ ಇರೋರ ಲೆಕ್ಕದಲ್ಲಿ ನೀವೂ ಸೇರ್ತೀರಿ." ಸೆಲ್ವಿ ಅದನ್ನು ತಮಿಳಿನಲ್ಲಿ ಹೇಳಿದಾಗ ಬಾಗಿಲಲ್ಲಿ ನಿಂತಿದ್ದ ಆರುಮುಗಂ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾರೋ ದೊಡ್ಡವರು ಮಾತಾಡಿದಾಗ ಮಾಡುವ ಹಾಗೆ.

ವಾಪಸು ಬರುವಾಗ ಪದ್ಮಾವತಮ್ಮ ಪಟ್ಟಿಯ ಹಾಳೆಗಳನ್ನು ತಿರುವುತ್ತಾ ನಡೆದರು. ಸೇತುವೆ ದಾಟಿದ ಮೇಲೆ, "ಮುದುಕ್ರನ್ನ ನೋಡಿದ್ಯೇನೇ ಅಲ್ಲಿ?" ಎಂದರು. ನಾನು ಯೋಚಿಸಿದೆ. ನೋಡಿದ ನೆನಪಿರಲಿಲ್ಲ. "ಬರೀ ಹರೇದೋರು, ಮಕ್ಕಳು. ಖುಷಿ ಪಡ್ಬೇಕೋ ಏನು ಮಾಡ್ಬೇಕೋ ಗೊತ್ತಾಗ್ಲಿಲ್ಲ ಮಾರಾಯ್ತಿ. ಆ ಕೆಲಸದಲ್ಲಿ ವಯಸ್ಸಾಗೋವರೆಗೂ ಯಾರೂ ಉಳಿಯೋದಿಲ್ಲ ಅಂತ ಕಾಣುತ್ತೆ."

ಮರುವರ್ಷ ಸೆಲ್ವಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಳು. ಶಾಲೆಗೆ ಆ ವರ್ಷ ಬಂದ ಫಸ್ಟ್ ಕ್ಲಾಸುಗಳೇ ಬೆರಳೆಣಿಕೆ. ಪದ್ಮಾವತಮ್ಮ ಅವಳನ್ನು ಟೀಚರ್ ಟ್ರೈನಿಂಗಿಗೆ ಸೇರಿಸಲು ಅರ್ಜಿ ತಂದರು. ಅರ್ಜಿಯ ಜೊತೆಗೆ ಎರಡು ಸರ್ಟಿಫಿಕೇಟು ಬೇಕಿತ್ತು. ಹುಡುಗಿ ಈ ರಾಜ್ಯದವಳೆಂದು ಒಂದು, ಜಾತಿಯದು ಒಂದು. ಆರುಮುಗಂನ ಜಾತಿ ಅವನ ಹುಟ್ಟೂರಿನಲ್ಲಿ ಹರಿಜನರ ಪಟ್ಟಿಯಲ್ಲಿತ್ತು. ಇಲ್ಲಿ ಆ ಪಟ್ಟಿ ನಡೆಯುವುದಿಲ್ಲ, ಸರ್ಟಿಫಿಕೇಟು ಅಪ್ಪನ ಊರಿನಿಂದಲೇ ತರಬೇಕು ಎಂದು ತಾಲೂಕು ಕಚೇರಿಯಲ್ಲಿ ಹೇಳಿದರು. ಆರುಮುಗಂ ರಜೆ ಹಾಕಿ ಊರಿಗೆ ಹೋದ. ವಾರ ಕಳೆದು ಬರಿಗೈಯಲ್ಲಿ ಬಂದ. ನಮ್ಮ ಮನೆಯ ಜಗಲಿಯ ಕೆಳಗೆ ನಿಂತು, ತನ್ನ ಒಡಕು ಕನ್ನಡದಲ್ಲಿ ಹೇಳಿದ. "ಅಲ್ಲಿ ಅವ್ರು ಕೇಳ್ತಾರಮ್ಮ, ನೀ ಯಾರು ಅಂತ. ಅಣ್ಣ ಸತ್ತೋದ. ಮನೆ ಇಲ್ಲ. ನೀ ಹೋದವ, ನಿನ್ನ ಮಗಳು ಇಲ್ಲಿ ಹುಟ್ಟಿಲ್ಲ, ಎಲ್ಲಿ ಹುಟ್ಟಿದ್ಲೋ ಅಲ್ಲೇ ಕೇಳು ಅಂತಾರೆ."

ಮೇಲೆ ಬಂದು ಕೂತ್ಕೋ ಎಂದರೂ ಅವನು ಬರಲಿಲ್ಲ.

ಎಲ್ಲಿ ಹುಟ್ಟಿದಳೋ ಅಲ್ಲೇ ಕೇಳೋಣ ಎಂದು ಪದ್ಮಾವತಮ್ಮ ಹೊರಟರು. ಸೆಲ್ವಿಯನ್ನೂ ನನ್ನನ್ನೂ ಕರೆದುಕೊಂಡು ಸಾಗರಕ್ಕೆ, ಅಲ್ಲಿಂದ ಲಿಂಗನಮಕ್ಕಿಗೆ. ಹುಟ್ಟನ್ನು ಯಾರೂ ಬರೆಸಿರಲಿಲ್ಲ. ಹಳೆಯ ಕ್ಯಾಂಪಿನ ಒಬ್ಬರಾದರೂ ಸಿಕ್ಕಿ, ಈ ಹುಡುಗಿ ಇಲ್ಲಿ ಹುಟ್ಟಿದವಳು ಎಂದು ಹೇಳಿ ಸಹಿ ಹಾಕಿದರೆ ಸಾಕು ಎಂದು ಅವರ ಲೆಕ್ಕಾಚಾರ. ಆರುಮುಗಂ ಹೇಳಿದ ಗುರುತು ಹಿಡಿದು ಗುಡ್ಡದ ಬದಿಗೆ ಹೋದೆವು. ಅಲ್ಲಿ ನೀಲಗಿರಿ ಮರಗಳು ಸಾಲಾಗಿ ಬೆಳೆದಿದ್ದವು. ನೆಲದ ಮೇಲೆ ಒಣಗಿದ ಎಲೆ, ನಡೆದರೆ ಚರಪರ ಸದ್ದು. ಕಾವಲುಗಾರ ಬಂದು ಏನು ಬೇಕೆಂದು ಕೇಳಿದ.

"ಇಲ್ಲಿ ಕೂಲಿಯವರ ಶೆಡ್ಡುಗಳಿದ್ವಲ್ಲ, ಆ ಜನ ಯಾರಾದ್ರೂ ಇದಾರೇನಪ್ಪ?"

"ಎಂಥ ಶೆಡ್ಡು? ನಾ ಡ್ಯೂಟಿಗೆ ಬಂದಾಗಿಂದ ಬರೀ ನೀಲಗಿರಿನೇ ಅಮ್ಮ. ಡ್ಯಾಮ್ ನೋಡಕ್ಕೆ ಬಂದ್ರಾ? ದಾರಿ ಆ ಕಡೆ."

ಸೆಲ್ವಿ ಮರಗಳ ಮಧ್ಯೆ ಸ್ವಲ್ಪ ದೂರ ನಡೆದು ಹೋದಳು. ತಾನು ಹುಟ್ಟಿದ ಜಾಗವನ್ನು ಅವಳು ನೋಡುತ್ತಿದ್ದದ್ದು ತಿಳುವಳಿಕೆ ಬಂದ ಮೇಲೆ ಅದೇ ಮೊದಲು. ಕಾಲಿನಿಂದ ಎಲೆ ಸರಿಸಿ ನೋಡಿದಳು. ಕೆಂಪು ಮಣ್ಣು, ಅಷ್ಟೇ. ವಾಪಸು ಬಂದು, "ಹೋಗೋಣ ಟೀಚರ್, ಬಸ್ಸು ತಪ್ಪುತ್ತೆ" ಎಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ಪದ್ಮಾವತಮ್ಮನಿಗೆ ಅದನ್ನು ಕೇಳಿ ಹೆಚ್ಚು ಸಂಕಟವಾಯಿತೆಂದು ನನಗೆ ಅನಿಸಿತು. ಸಾಗರದವರೆಗೆ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು.

ಮತ್ತೆ ಕಚೇರಿಗೆ ಹೋದೆವು. ಅಲ್ಲಿದ್ದ ಗುಮಾಸ್ತರು ಕೆಟ್ಟವರಲ್ಲ, ನಮಗೆ ಕುರ್ಚಿ ಕೊಟ್ಟು ಕಾಫಿ ತರಿಸಿದರು. ಪದ್ಮಾವತಮ್ಮ ತಮ್ಮ ದೊಡ್ಡ ದನಿಯನ್ನು ಎಂದೂ ಇಲ್ಲದಷ್ಟು ಇಳಿಸಿ ಕೇಳಿದರು.

"ಹೋದ ವರ್ಷ ನಾನೇ ಅಲ್ವಾ ಆ ಕ್ಯಾಂಪು ಎಣಿಸಿ ಕೊಟ್ಟಿದ್ದು? ತಾಲೂಕಿನ ಜನಸಂಖ್ಯೆ ಇಷ್ಟು ಅಂತ ನೀವು ಮೇಲೆ ಕಳ್ಸಿದೀರಲ್ಲ, ಅದ್ರಲ್ಲಿ ಈ ಹುಡುಗೀನೂ ಇದಾಳೆ. ಆಗ ನಮ್ಮೋಳು, ಈಗ ಯಾರೋಳು?"

ಗುಮಾಸ್ತರು ಕಾಫಿಯ ಲೋಟ ಪಕ್ಕಕ್ಕಿಟ್ಟರು. "ಅದು ಎಣಿಕೆ ಟೀಚರ್, ಇದು ಸರ್ಟಿಫಿಕೇಟು. ಎರಡೂ ಬೇರೆ. ಎಣಿಸೋವಾಗ ಆ ದಿನ ಯಾರು ಇದಾರೋ ಅವರನ್ನೆಲ್ಲ ಎಣಿಸ್ತೀವಿ. ಕೊಡೋವಾಗ ಕಾಯ್ದೆ ನೋಡ್ಬೇಕು. ನಾನು ಬರೆದುಕೊಟ್ರೂ ಮೇಲೆ ನಿಲ್ಲೋದಿಲ್ಲ."

ಹೊರಗೆ ಮೆಟ್ಟಿಲ ಮೇಲೆ ಸೆಲ್ವಿ ಕಾಯುತ್ತಿದ್ದಳು. ದನಿ ಇಳಿಸಿದ್ದರೂ ಒಳಗಿನ ಮಾತು ಅವಳಿಗೆ ಪೂರ್ತಿ ಕೇಳಿಸಿತ್ತು.

ಆ ವರ್ಷ ಹೋಯಿತು, ಮುಂದಿನ ವರ್ಷವೂ ಹೋಯಿತು. ಪದ್ಮಾವತಮ್ಮ ಶಿವಮೊಗ್ಗಕ್ಕೆ ಓಡಾಡಿದರು, ಗೊತ್ತಿದ್ದವರಿಗೆಲ್ಲ ಹೇಳಿ ನೋಡಿದರು. ಎಲ್ಲರೂ ಸಮಾಧಾನದಿಂದ ಕೇಳಿಕೊಳ್ಳುತ್ತಿದ್ದರು. ಅಷ್ಟು ಹೊತ್ತಿಗೆ ಸೆಲ್ವಿ ಬೆಳಿಗ್ಗೆ ಜಲ್ಲಿ ಹೊರುವುದಕ್ಕೆ ಹೋಗಿ, ಮಧ್ಯಾಹ್ನದ ಮೇಲೆ ಶೆಡ್ಡಿನ ನೆರಳಿನಲ್ಲಿ ಕ್ಯಾಂಪಿನ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಹೇಳಿಕೊಡುತ್ತಿದ್ದಳು. ಪದ್ಮಾವತಮ್ಮ ಶಾಲೆಯ ಒಡೆದ ಕರಿಹಲಗೆಯೊಂದನ್ನು ಅಲ್ಲಿಗೆ ಸಾಗಿಸಿದ್ದರು. ನಾನೊಮ್ಮೆ ನೋಡಲು ಹೋಗಿದ್ದೆ. ಹಲಗೆಯ ಅರ್ಧಕ್ಕೆ ಕನ್ನಡ, ಅರ್ಧಕ್ಕೆ ತಮಿಳು. ಮಗುವೊಂದು ಎರಡನ್ನೂ ಬೆರೆಸಿ ತನ್ನ ಹೆಸರು ಬರೆದಿತ್ತು, ಸೆಲ್ವಿ ಅದನ್ನು ತಿದ್ದಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅಣೆಕಟ್ಟಿನ ಮುಖ್ಯ ಕೆಲಸ ಮುಗಿಯಿತು. ಕೃಷ್ಣಾ ನದಿಯ ಕಡೆ ಇನ್ನೊಂದು ಕೆಲಸ ಸಿಕ್ಕಿದೆಯೆಂದು ಕಂಟ್ರಾಕ್ಟರು ಲಾರಿಗಳನ್ನು ತಂದು ನಿಲ್ಲಿಸಿದ. ಶೆಡ್ಡಿನ ತಗಡುಗಳನ್ನೇ ಬಿಚ್ಚಿ ಲಾರಿಗೆ ಹಾಸಿ, ಅದರ ಮೇಲೆ ಪಾತ್ರೆ, ಕೋಳಿ, ಮಕ್ಕಳು. ನಾವು ಹೋದಾಗ ಸೆಲ್ವಿ ತಮ್ಮನನ್ನು ಮೇಲೆ ಹತ್ತಿಸುತ್ತಿದ್ದಳು. ಇಲ್ಲಿ ಹುಟ್ಟಿದವನು ಅವನೊಬ್ಬನೇ ಎಂದು ಅವಳು ಹೇಳಿದ್ದ ಹುಡುಗ. ಪದ್ಮಾವತಮ್ಮ ಲಾರಿಯ ಹಲಗೆ ಹಿಡಿದು, "ನನ್ನ ಮನೇಲಿ ಇರು ಸೆಲ್ವಿ. ಇನ್ನೊಂದು ವರ್ಷ ನೋಡೋಣ" ಎಂದರು. ಸೆಲ್ವಿ ಅಪ್ಪನ ಕಡೆ ನೋಡಿದಳು. ಆರುಮುಗಂನಿಗೆ ಆಗಲೇ ಕೆಮ್ಮು ಹಿಡಿದಿತ್ತು, ಬಂಡೆಯ ಧೂಳಿನ ಕೆಮ್ಮು. ಅವನು ತಲೆ ತಗ್ಗಿಸಿದ. "ಅಪ್ಪಂಗೆ ಈಗ ಆಗಲ್ಲ ಟೀಚರ್. ನಾ ದುಡೀಬೇಕು" ಎಂದಳು ಅವಳು. ಲಾರಿಗಳು ಹೋದ ಮೇಲೆ ಕರಿಹಲಗೆ ಗುಡ್ಡದ ಮೇಲೆ ಒಂದೇ ಉಳಿದಿತ್ತು. ಜಾಗ ಸಾಲದೆ ಇಳಿಸಿದ್ದರು.

ಅದಾದ ಮೇಲೆ ಪದ್ಮಾವತಮ್ಮ ಮೊದಲಿನ ಹಾಗೆ ಇರಲಿಲ್ಲ. ಜನಸಂಖ್ಯೆಯ ಪಾಠವನ್ನು ಪುಸ್ತಕದಲ್ಲಿದ್ದಂತೆ ಓದಿಸಿ ಮುಗಿಸಿದರು. ಯಾಕಮ್ಮ ಎಂದು ಕೇಳಿದೆ. "ಎಬ್ಬಿಸಿ ನಿಲ್ಸೋದು ಸುಲಭ. ಆಮೇಲೆ ಎಲ್ಲಿ ಕೂರಿಸ್ತೀಯ?" ಎಂದರು. ಮುಂದೆ ನನಗೆ ಸಾಗರಕ್ಕೆ ವರ್ಗವಾಯಿತು. ಅವರು ತೀರ್ಥಹಳ್ಳಿಗೆ ಹೋಗಿ, ಅಲ್ಲೇ ನಿವೃತ್ತರಾಗಿ ತಮ್ಮನ ಮಗನ ಮನೆಯಲ್ಲಿ ಉಳಿದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಸಾಗರದಲ್ಲಿ. ಕಣ್ಣಿನ ಪೊರೆ ತೋರಿಸಲು ಬಂದವರು ಮಧ್ಯಾಹ್ನ ನಮ್ಮ ಮನೆಗೆ ಬಂದರು. ದನಿ ಸಣ್ಣದಾಗಿತ್ತು. ಊಟ ಬೇಡವೆಂದು ಮಜ್ಜಿಗೆ ಕುಡಿದು, ತಾವಾಗಿ ಸೆಲ್ವಿಯ ಮಾತು ತೆಗೆದರು. ಕಳೆದ ವರ್ಷ ಅವಳನ್ನು ಹುಡುಕಿಕೊಂಡು ಹೋಗಿದ್ದರಂತೆ. ಜಾತಿ, ಊರು ಕೇಳದ ಖಾಸಗಿ ಟ್ರೈನಿಂಗ್ ಶಾಲೆಯೊಂದು ಗೊತ್ತಾಗಿತ್ತು. ಅಲ್ಲಿಗೆ ಸೇರಿಸೋಣ, ಖರ್ಚು ತಾವೇ ನೋಡಿಕೊಳ್ಳೋಣ ಎಂದು, ಆ ವಯಸ್ಸಿನಲ್ಲಿ ಬಸ್ಸು ಬದಲಿಸಿ ಬದಲಿಸಿ ಕೃಷ್ಣೆಯ ಬಯಲಿಗೆ ಹೋಗಿದ್ದರು.

"ಬಿಸಿಲು ಅಂದ್ರೆ ಬಿಸಿಲು ಶಾರದಾ. ಒಂದು ಮರ ಇಲ್ಲ. ಅದೇ ತಗಡು, ಅದೇ ಸಾಲು. ಆರುಮುಗಂ ಹೋಗ್ಬಿಟ್ಟಿದಾನೆ, ಆ ಕೆಮ್ಮಿನಲ್ಲೇ. ಇವಳಿಗೆ ಮದುವೆ ಆಗಿದೆ, ಕೈಯಲ್ಲಿ ಕೂಸು. ಗಂಡನೂ ಬಂಡೆ ಕೊರೆಯೋನೇ."

"ಗುರುತು ಹಿಡಿದ್ಲಾ?"

"ಹಿಡೀದೇ ಏನು. ಕಾಲಿಗೆ ಬಿದ್ಲು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣೋದಿಲ್ಲ ಅಂತ ಅವಳಿಗೆ ನೆನಪಿದೆ ನೋಡು. ಇನ್ನೂ ಬಿಸಿಲಿರೋವಾಗ್ಲೇ ಅಡಿಗೆ ಮಾಡಿ, ಈರುಳ್ಳಿ ಸಹ ಹಾಕದೆ ಬಡಿಸಿದ್ಲು. ಊಟ ಆದ ಮೇಲೆ ಟ್ರೈನಿಂಗಿನ ವಿಷಯ ಹೇಳಿದೆ."

ಪದ್ಮಾವತಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಪೂರ್ತಿ ಕೇಳಿಸ್ಕೊಂಡ್ಲು. ಆಮೇಲೆ ಅಂತಾಳೆ, 'ನನ್ನ ಇನ್ನು ಎಲ್ಲಿಗೂ ಸೇರಿಸಬೇಡಿ ಟೀಚರ್. ಇಲ್ಲಿ ಯಾರೂ ಯಾರನ್ನೂ ಎಲ್ಲಿಯವರು ಅಂತ ಕೇಳಲ್ಲ' ಅಂತ. ಸಿಟ್ಟು ಮಾಡ್ಲಿಲ್ಲ ಕಣೇ. ಸಿಟ್ಟು ಮಾಡಿದ್ರೆ ತಡ್ಕೋತಿದ್ದೆ. ನನ್ನ ಕಂಡು ಪಾಪ ಅನ್ನೋ ಹಾಗೆ ಹೇಳಿದ್ಲು."

"ಮಕ್ಕಳಿಗೆ ಪಾಠ ಮಾಡ್ತಾಳಾ ಈಗ್ಲೂ?"

"ಕೇಳಿದೆ. ಇಲ್ಲ ಅಂದ್ಲು. ಕೂಸಿಗೆ ಹಾಲು ಕೊಡಕ್ಕೆ ಒಳಗೆ ಹೋದ್ಲು."

ಸಂಜೆ ನಾನು ಅವರನ್ನು ತೀರ್ಥಹಳ್ಳಿ ಬಸ್ಸಿಗೆ ಹತ್ತಿಸಿದೆ. ಕಿಟಕಿಯ ಪಕ್ಕ ಕೂರಿಸಿ ಚೀಲ ಕಾಲ ಬಳಿ ಇಟ್ಟೆ. ಬಸ್ಸು ಹೊರಡುವಾಗ, "ಅವಳ ಕೂಸಿನ ಹೆಸರೇ ಕೇಳ್ಲಿಲ್ಲ ನೋಡು ನಾನು" ಎಂದರು. ಅಷ್ಟರಲ್ಲಿ ಬಸ್ಸು ತಿರುಗಿಬಿಟ್ಟಿತು.

ಮರುವರ್ಷದ ಮಾಘದಲ್ಲಿ ಅವರು ಹೋದರು. ಸುದ್ದಿ ತಿಳಿದು ನಾನು ತೀರ್ಥಹಳ್ಳಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ತಮ್ಮನ ಮಗ ಜಗಲಿಯಲ್ಲಿ ಕೂತು, ತಿಳಿಸಬೇಕಾದವರಿಗೆಲ್ಲ ಕಾರ್ಡು ಬರೆಯುತ್ತಿದ್ದರು. ನನ್ನನ್ನು ಕಂಡು ಪೆನ್ನು ನಿಲ್ಲಿಸಿ, "ಸೆಲ್ವಿ ಅಂತ ಒಬ್ಬರಿಗೆ ತಿಳಿಸು ಅಂತ ಅತ್ತೆ ಹೇಳ್ತಿದ್ರು. ನಿಮಗೆ ಅವರ ಅಡ್ರೆಸ್ಸು ಗೊತ್ತಂತಲ್ಲ" ಎಂದರು.

ನಾನು ಕೃಷ್ಣೆಯ ಆ ಅಣೆಕಟ್ಟಿನ ಹೆಸರು ಹೇಳಿದೆ. ಅವರು ಅದನ್ನು ಬರೆದುಕೊಂಡು ತಲೆಯೆತ್ತಿದರು.

"ಆಮೇಲೆ?" ಎಂದರು.

ಆಮೇಲೆ ಬರೆಸಲು ನನ್ನ ಹತ್ತಿರ ಏನೂ ಇರಲಿಲ್ಲ.